ಹಲಗೆ ಹೊತ್ತ ಕಾಣದ ಕಡ್ಡಿ

ನಾನು ಮಾಡಿದ ಕೆಲಸವನ್ನು ಕಣ್ಣಾರೆ ನೋಡಿದವರು ಕಡಿಮೆ. ಅದು ಸರಿಯಾಗಿದ್ದರೆ ಕಾಣುವುದಿಲ್ಲ. ಕಂಡಿತೆಂದರೆ ಎಲ್ಲೋ ಏನೋ ಕೆಟ್ಟಿದೆ ಎಂದೇ ಅರ್ಥ, ಆಗ ಬೈಗುಳ ಗ್ಯಾರಂಟಿ.

ಕಪಾಟಿನ ಒಳಗೆ ಹಲಗೆಗಳಿರುತ್ತವೆ. ಎತ್ತರದ ಡಬ್ಬಿ ಬಂದರೆ ಹಲಗೆಯನ್ನು ಮೇಲೆ ಸರಿಸಬೇಕು, ಗಿಡ್ಡದು ಬಂದರೆ ಕೆಳಗೆ ಇಳಿಸಬೇಕು. ಹಾಗೆ ಸರಿಸಲು ಬರುವ ಹಲಗೆಯನ್ನು ಹೊತ್ತು ನಿಲ್ಲಲು ಏನಾದರೂ ಬೇಕಲ್ಲ? ಅದೂ ಕಣ್ಣಿಗೆ ಬೀಳಬಾರದು. ಆ ಕಾಣದ ಆಧಾರ ಮಾಡುವುದೇ ನನ್ನ ಕೆಲಸವಾಗಿತ್ತು, ಗೋವಾದ ಕುಡಚಡೆಯ ಒಂದು ಕಪಾಟಿನ ಕಾರ್ಖಾನೆಯಲ್ಲಿ. ತಲೆಗೂದಲು ಕಪ್ಪಿದ್ದಾಗ ಸೇರಿದವಳು ಬೆಳ್ಳಗಾದ ಮೇಲೆ ಬಿಟ್ಟೆ. ನಮ್ಮಂಥವರಿಗೆ ನಿವೃತ್ತಿಯ ದಿನವನ್ನು ಸರಕಾರ ಹೇಳುವುದಿಲ್ಲ, ಮೊಣಕಾಲು ಹೇಳುತ್ತದೆ.

ಈಗ ಅಲ್ಲಿ ಹೊಸದಾಗಿ ಹೆಣ್ಣುಮಕ್ಕಳು ಸೇರಿದ್ದಾರೆ. ಅವರಲ್ಲೊಬ್ಬಳು ಮೊನ್ನೆ ಬಾಜಾರದಲ್ಲಿ ಸಿಕ್ಕಳು. "ಯಮ್ಮಾ, ಆ ಬಡಿಗತನದ ಬೆಂಚಿಗೆ ನಿಂತ ಮೊದಲನೇ ಹೆಂಗಸು ನೀವ ಅಂತಲ್ರಿ. ಹೆಂಗಿತ್ರಿ ಆವಾಗ?" ಎಂದು ಕೇಳಿದಳು. ತರಕಾರಿ ಚೀಲ ಹಿಡಿದು ನಡುರಸ್ತೆಯಲ್ಲಿ ಹೇಳುವ ಮಾತೇ ಅದು? "ಹೋಗ, ನೀನೂ ನಿಂತ ನೋಡು, ಗೊತ್ತಾಕ್ಕೈತಿ" ಎಂದು ಗದರಿಸಿ ಕಳಿಸಿದೆ. ಮನೆಗೆ ಬಂದ ಮೇಲೆ ಪಾಪ ಅನ್ನಿಸಿತು. ಏಳನೆಯ ತರಗತಿವರೆಗೆ ಓದಿದ್ದೇನೆ, ಅಕ್ಷರ ಇನ್ನೂ ಕೈಬಿಟ್ಟಿಲ್ಲ. ಬರೆದಿಡುತ್ತೇನೆ, ಬೇಕಾದವರು ಓದಿಕೊಳ್ಳಲಿ.

ನಮ್ಮೂರು ಮುದ್ದೇಬಿಹಾಳದ ಕಡೆ. ಮದುವೆಯಾದ ಹೊಸದರಲ್ಲೇ ಗಂಡ ಬಸಪ್ಪನ ಜೊತೆ ಗೋವಾಕ್ಕೆ ಬಂದೆ. ಮೊದಲು ದಾಬೋಲಿಮ್‌ನಲ್ಲಿ ಕಟ್ಟಡದ ಕೆಲಸ. ತಲೆಯ ಮೇಲೆ ಸಿಮೆಂಟಿನ ಬುಟ್ಟಿ, ತಲೆಯ ಮೇಲಿನ ಆಕಾಶದಲ್ಲಿ ವಿಮಾನ. ಆಮೇಲೆ ಬಸಪ್ಪನಿಗೆ ಅದಿರು ಸಾಗಿಸುವ ಲಾರಿಗಳ ಮೇಲೆ ಕೆಲಸ ಸಿಕ್ಕಿತು, ಕುಡಚಡೆಗೆ ಬಂದೆವು. ನಾನು ಕಾರ್ಖಾನೆಯಲ್ಲಿ ಕಟ್ಟಿಗೆಯ ಹೊಟ್ಟು ಬಳಿಯಲು ಸೇರಿಕೊಂಡೆ. ಹೊಟ್ಟು ಬಳಿಯುವುದು, ಪಾಲೀಶ್ ಪೇಪರ್ ಹಾಕಿ ಹಲಗೆ ಉಜ್ಜುವುದು, ಚಹಾ ತರುವುದು.

ಅಲ್ಲಿಯ ಹಿರಿಯರು ಕಾಳಪ್ಪ ಮೇಸ್ತ್ರಿ. ಇಳಕಲ್ ಕಡೆಯ ಬಡಿಗೇರರು. ಸಿಟ್ಟು ಅವರ ಮೂಗಿನ ತುದಿಯಲ್ಲೇ ಇರುತ್ತಿತ್ತು. ನಾನು ಅವರನ್ನು ಕಾಕಾರು ಎನ್ನುತ್ತಿದ್ದೆ. ಅವರ ನೇಮ ಎರಡು. ಒಂದು, ಅಮಾವಾಸ್ಯೆಯ ದಿನ ಉಳಿ, ಗರಗಸ, ಬೈರಿಗೆ ಯಾವುದನ್ನೂ ಮುಟ್ಟುತ್ತಿರಲಿಲ್ಲ. ಅದು ಅವರ ಕುಲದ ಪದ್ಧತಿ, ಅಪ್ಪ ಅಜ್ಜಂದಿರಿಂದ ಬಂದದ್ದು. ಇನ್ನೊಂದು, ಹೆಣ್ಣುಮಕ್ಕಳು ಆಯುಧ ಮುಟ್ಟಬಾರದು. ಬೈರಿಗೆ ಅಂದರೆ ತೂತು ಕೊರೆಯುವ ಆಯುಧ. ಒಮ್ಮೆ ಬೆಂಚಿನ ಮೇಲಿನ ಬೈರಿಗೆಯನ್ನು ಸರಿಸಿ ಹೊಟ್ಟು ಬಳಿಯಹೋದೆ. "ಏ ಯವ್ವಾ! ಕೈ ತಗಿ!" ಎಂದು ಒದರಿದ ಸದ್ದಿಗೆ ಎಲ್ಲರೂ ಕೆಲಸ ನಿಲ್ಲಿಸಿ ನೋಡಿದರು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಆದರೆ ಮನುಷ್ಯ ಕೆಟ್ಟವರಲ್ಲ. ಮಧ್ಯಾಹ್ನ ತಮ್ಮ ಬುತ್ತಿಯ ಶೇಂಗಾ ಚಟ್ನಿಯಲ್ಲಿ ಅರ್ಧ ನನ್ನ ರೊಟ್ಟಿಯ ಮೇಲೆ ಹಾಕಿ ಹೋದರು. ಕ್ಷಮೆ ಕೇಳುವ ಅವರ ರೀತಿ ಅದು, ಮುಂದೆಯೂ ಎಷ್ಟೋ ಸಲ ಆ ಚಟ್ನಿ ತಿಂದಿದ್ದೇನೆ.

ಹಲಗೆಗೆ ಆಧಾರವೆಂದು ನಾನು ಬರುವ ಮೊದಲು ಏನೇನಿತ್ತು ಎಂಬುದನ್ನು ಅವರೇ ತೋರಿಸಿದರು. ಪಕ್ಕದ ಊರು ಸಾಂಗೆಯ ಹಳೆಯ ಮನೆಗಳ ಕಪಾಟುಗಳನ್ನು ರಿಪೇರಿಗೆ ತರುತ್ತಿದ್ದರು. ಅವುಗಳ ನಾಲ್ಕೂ ಮೂಲೆಗೆ ಗರಗಸದ ಹಲ್ಲಿನಂತೆ ಕಚ್ಚು ಕೊರೆದ ಪಟ್ಟಿಗಳು ನಿಂತಿರುತ್ತಿದ್ದವು. ಎರಡು ಪಟ್ಟಿಗಳ ಹಲ್ಲಿನ ನಡುವೆ ಒಂದು ಅಡ್ಡಕಟ್ಟಿಗೆ ಕೂರಿಸಿ, ಅದರ ಮೇಲೆ ಹಲಗೆ. ಒಂದು ಮೊಳೆ ಇಲ್ಲ. ಮೇಸ್ತ್ರಿ ಆ ಹಲ್ಲುಗಳ ಮೇಲೆ ಕೈಯಾಡಿಸುತ್ತ, "ಯಾವ ಪುಣ್ಯಾತ್ಮ ಮಾಡ್ಯಾನೋ, ಕೈಗೆ ಮುತ್ತ ಕೊಡಬೇಕು" ಎನ್ನುತ್ತಿದ್ದರು. ಆದರೆ ಗಿರಾಕಿಗಳಿಗೆ ಆ ಹಲ್ಲು ಬೇಡವಾಗುತ್ತ ಬಂತು. ಬಾಗಿಲಿಗೆ ಗಾಜು ಬಂತು. ಗಾಜಿನೊಳಗೆ ಸಾಮಾನು ಕಾಣಬೇಕು, ಅದನ್ನು ಹೊತ್ತದ್ದು ಕಾಣಬಾರದು ಎಂದರು.

ಆಗ ಬಂದದ್ದು ಕಡ್ಡಿ. ಇದನ್ನು ಸರಿಯಾಗಿ ಹೇಳುತ್ತೇನೆ, ಹೊಸಬರು ಗಮನವಿಟ್ಟು ಓದಿ. ಕಪಾಟಿನ ಎಡಬಲದ ಬದಿ ಹಲಗೆಗಳಿಗೆ ಮೇಲಿಂದ ಕೆಳಗೆ ತೂತುಗಳ ಸಾಲು, ಮುಂದೊಂದು ಹಿಂದೊಂದು. ಒಂದು ಗಟ್ಟಿ ತಂತಿಕಡ್ಡಿಯ ಎರಡೂ ತುದಿ ಮಡಚಿ, ಮುಂದಿನ ತೂತಿಗೆ ಒಂದು, ಹಿಂದಿನ ತೂತಿಗೆ ಒಂದು ತುದಿ ಚುಚ್ಚಿದರೆ ಕಡ್ಡಿ ಬದಿಗೆ ಅಡ್ಡಲಾಗಿ ಅಂಟಿಕೊಂಡು ನಿಲ್ಲುತ್ತದೆ. ನಡುವಿನ ಹಲಗೆಯ ಎರಡು ಪಕ್ಕದ ಅಂಚಿನಲ್ಲಿ, ದಪ್ಪದ ನಟ್ಟನಡುವೆ, ಸೀಳು ಕೊರೆದಿರುತ್ತೇವೆ. ಆ ಸೀಳು ಹಿಂದಿನಿಂದ ಹೊರಟು ಮುಂದಿನ ಅಂಚು ಮುಟ್ಟುವ ಮೊದಲೇ ನಿಂತಿರಬೇಕು. ಹಲಗೆಯನ್ನು ಮುಂದಿನಿಂದ ತಳ್ಳಿದರೆ ಕಡ್ಡಿ ಸೀಳಿನೊಳಗೆ ಮುಳುಗಿ ಹೋಗುತ್ತದೆ. ಎದುರು ನಿಂತವನಿಗೆ ಹಲಗೆ ತಾನೇ ತಾನಾಗಿ ನಿಂತಂತೆ ಕಾಣುತ್ತದೆ. ಹಲಗೆ ಸರಿಸಲು ಆಯುಧ ಬೇಡ, ಕೈ ಸಾಕು.

ಮೇಸ್ತ್ರಿಗೆ ಕಡ್ಡಿ ಬಗ್ಗಿಸುವುದೆಂದರೆ ಬೇಸರ. ದೊಡ್ಡ ಕೆಲಸದ ಕೈ ಅವರದು. ಬಗ್ಗಿಸಿ ಬಗ್ಗಿಸಿ ಬೈಯುತ್ತಿದ್ದರು, ಸೊಟ್ಟಗಾದದ್ದನ್ನು ಮೂಲೆಗೆ ಎಸೆಯುತ್ತಿದ್ದರು. ನಾನು ಹೊಟ್ಟಿನ ಜೊತೆ ಅವನ್ನು ಆರಿಸಿ ತೆಗೆದು, ಸಪಾಟಾದ ಹಲಗೆಯ ಮೇಲೆ ಉರುಳಿಸಿ ನೋಡುತ್ತಿದ್ದೆ. ನೇರ ಇದ್ದದ್ದು ಸುಮ್ಮನೆ ಉರುಳುತ್ತದೆ, ಸೊಟ್ಟ ಇದ್ದದ್ದು ಕುಂಟುತ್ತದೆ. ಕುಂಟಿದ್ದನ್ನು ಕಲ್ಲಿನಿಂದ ತಟ್ಟಿ ನೇರ ಮಾಡಿ ಬೆಂಚಿನ ಮೂಲೆಯಲ್ಲಿಡುತ್ತಿದ್ದೆ. ಊರಲ್ಲಿ ಕೌದಿ ಹೊಲಿದ ಕೈ ನನ್ನದು, ಸಾಲು ತಪ್ಪಿದರೆ ಕಣ್ಣಿಗೆ ಚುಚ್ಚುತ್ತದೆ. ಸ್ವಲ್ಪ ದಿನ ಮೇಸ್ತ್ರಿ ನೋಡಿಯೂ ನೋಡದ ಹಾಗಿದ್ದರು. ಒಂದು ದಿನ ಕಡ್ಡಿಯ ಕಟ್ಟನ್ನೇ ತಂದು ನನ್ನ ಮುಂದೆ ಹಾಕಿದರು.

"ಕಾಕಾರ, ಇದು ಆಯುಧ ಅಲ್ಲೇನ್ರಿ?" ಎಂದು ಕೇಳಿದೆ.

"ಕಡ್ಡಿ ಬಗ್ಗಸೂದು ಆಯುಧದಾಗ ಬರಂಗಿಲ್ಲ ತಗೋ" ಎಂದರು. ಯಾವ ಶಾಸ್ತ್ರದಲ್ಲಿ ಹಾಗೆ ಬರೆದಿದೆಯೋ, ಅವರಿಗೇ ಗೊತ್ತು. ನಾನು ಬೆಂಚಿನ ತುದಿಗೆ ಹತ್ತಿದ್ದು ಹೀಗೆ. ಬೈರಿಗೆ ಮಾತ್ರ ಅವರ ಕೈಯಲ್ಲೇ ಉಳಿಯಿತು.

ಶುರುವಿನಲ್ಲಿ ನಾವು ಬಳಸುತ್ತಿದ್ದದ್ದು ಸೈಕಲ್ಲಿನ ಚಕ್ರದ ಕಡ್ಡಿ. ಗಟ್ಟಿ, ಎಲ್ಲೆಂದರಲ್ಲಿ ಸಿಗುತ್ತಿತ್ತು. ಅದನ್ನು ಹಾಕಿ ದಾಬೋಲಿಮ್‌ನ ಒಂದು ಮನೆಗೆ ಬಟ್ಟೆಯ ಕಪಾಟು ಕೊಟ್ಟೆವು. ಒಂದು ಮಳೆಗಾಲ ಕಳೆಯಿತು. ಆ ಮನೆಯ ಯಜಮಾನಿ ಗಂಡನ ಬಿಳಿ ಅಂಗಿಗಳನ್ನು ತೋಳಿನ ಮೇಲೆ ಹಾಕಿಕೊಂಡು ಕಾರ್ಖಾನೆಗೇ ಬಂದರು. ಪ್ರತಿ ಅಂಗಿಯ ಮೇಲೂ ಕಂದು ಬಣ್ಣದ ಗೆರೆ. ಸಮುದ್ರದ ಗಾಳಿಗೆ ಕಡ್ಡಿ ತುಕ್ಕು ಹಿಡಿದು ಸೀಳಿನಿಂದ ನೀರಾಗಿ ಇಳಿದಿತ್ತು. "ನಿಮ್ಮ ಕಪಾಟು ಮಳೆಗಾಲ ಪೂರ್ತಿ ಅತ್ತಿದೆ" ಎಂದರು ಅವರು. ಅವರು ಹೋದ ಮೇಲೆ ಮೇಸ್ತ್ರಿ, "ಸೈಕಲ್ ಮಳ್ಯಾಗ ಹೊಂಟರ ತುಕ್ಕ ಹಿಡಿಯೂದಿಲ್ಲ, ಕಪಾಟಿನ್ಯಾಗ ಹಿಡೀತೈತೇನ?" ಎಂದು ಸೈಕಲ್ಲಿಗೇ ಬೈದರು.

ನಾನು ಹೇಳಿದೆ, "ನಮ್ಮ ಮನ್ಯಾಗ ಹಿತ್ತಾಳಿ ತಂಬಗಿ ಐತ್ರಿ. ಕಿಲುಬ್ತೈತಿ ಖರೆ, ತುಕ್ಕ ಹಿಡಿಯಂಗಿಲ್ಲ."

"ಹಂಗಾದ್ರ ನಿನ್ನ ತಂಬಗಿ ಬಡದು ಕಡ್ಡಿ ಮಾಡೂನು, ತಗೊಂಡ ಬಾ" ಎಂದು ನಕ್ಕರು. ಮರುದಿನ ತಾವೇ ಹೋಗಿ, ಗ್ಯಾಸ್ ವೆಲ್ಡಿಂಗ್ ಮಾಡುವವರು ಬೆಸೆಯಲು ಇಟ್ಟುಕೊಳ್ಳುವ ಹಿತ್ತಾಳೆಯ ಸರಳುಗಳನ್ನು ತಂದರು. ಅಂದಿನಿಂದ ನಮ್ಮಲ್ಲಿ ಹಿತ್ತಾಳೆಯೇ. ಆ ಅಂಗಿಗಳ ಯಜಮಾನಿಗೆ ನಾನು ಇವತ್ತಿಗೂ ಋಣಿ, ಅವರು ಬೈಯದೇ ಹೋಗಿದ್ದರೆ ನಾವು ಕಲಿಯುತ್ತಿರಲಿಲ್ಲ.

ಇನ್ನು ಹೇಳಲೇಬೇಕಾದ ಕತೆಗೆ ಬರುತ್ತೇನೆ. ಆ ವರ್ಷ ಗಣಿ ನಿಂತಿತ್ತು. ಲಾರಿಗಳು ರಸ್ತೆಯ ಬದಿಗೆ ಸಾಲಾಗಿ ನಿಂತು ಚಕ್ರಕ್ಕೆ ಹುಲ್ಲು ಹಬ್ಬಿತ್ತು. ಬಸಪ್ಪ ಮನೆಯಲ್ಲಿ ಕುಳಿತ. ಬೆಳಿಗ್ಗೆ ನನ್ನ ಬುತ್ತಿ ಕಟ್ಟಿ ಕೊಡುತ್ತ, "ಈಗ ನಾನ ಮನಿಯಾಕಿ, ನೀನ ಯಜಮಾನ" ಎಂದು ನಗಿಸುತ್ತಿದ್ದ. ನಗು ಬಾಯಲ್ಲಿ ಮಾತ್ರ ಇತ್ತು. ಬೆಂಚಿನ ಕೆಲಸಕ್ಕೆ ಸಿಗುವ ಕೂಲಿ ಹೊಟ್ಟು ಬಳಿಯುವ ಕೂಲಿಗಿಂತ ಮೇಲಿತ್ತು. ಅದರ ಮೇಲೆಯೇ ನಮ್ಮ ಒಲೆ ಉರಿಯುತ್ತಿತ್ತು. ಆ ಬೆಂಚು ಹೋದರೆ ಕುಡಚಡೆ ಬಿಟ್ಟು ಮತ್ತೆ ಸಿಮೆಂಟಿನ ಬುಟ್ಟಿ ಹೊರಲು ಹೋಗಬೇಕಿತ್ತು, ಅದೂ ಆ ವಯಸ್ಸಿನಲ್ಲಿ.

ಸಾಂಗೆಯ ಕ್ಲಾರಾ ಬಾಯಿ ಎಂಬುವರು ಗಾಜಿನ ಬಾಗಿಲಿನ ಕಪಾಟು ಮಾಡಲು ಹೇಳಿದ್ದರು. ಅವರ ತಾಯಿಯ ಕಾಲದ ನೀಲಿ ಹೂವಿನ ಪಿಂಗಾಣಿ ತಟ್ಟೆಗಳಿದ್ದವು. ಮಗಳ ಮದುವೆಗೆ ಬರುವ ನೆಂಟರಿಗೆ ಆ ತಟ್ಟೆಗಳು ಕಾಣಬೇಕು. "ತಟ್ಟೆ ಮಾತ್ರ ಕಾಣಲಿ, ಬೇರೆ ಏನೂ ಬೇಡ" ಎಂದಿದ್ದರು.

ತೂತುಗಳ ಸಾಲು ಎರಡೂ ಬದಿಗೆ ಒಂದೇ ಎತ್ತರದಲ್ಲಿ ಬರಲಿ ಎಂದು ನಮ್ಮಲ್ಲಿ ಒಂದು ಫರ್ಮಾ ಇತ್ತು. ಅಂದರೆ ತೂತು ಹಾಕಿಟ್ಟ ಉದ್ದನೆಯ ಪಟ್ಟಿ. ಅದನ್ನು ಹಲಗೆಯ ಮೇಲಿಟ್ಟು ಅದರ ತೂತುಗಳೊಳಗಿಂದಲೇ ಬೈರಿಗೆ ಇಳಿಸಿದರೆ ಅಳತೆ ತಪ್ಪುವುದಿಲ್ಲ. ಒಂದೇ ಎಚ್ಚರಿಕೆ: ಅದನ್ನು ತಲೆಕೆಳಗು ಮಾಡಬಾರದು. ಮಾಡಿದರೆ ಸಾಲು ಪೂರ್ತಿ ಒಂದಿಷ್ಟು ತಗ್ಗುತ್ತದೆ. ಅದಕ್ಕೆಂದು ಮೇಸ್ತ್ರಿ ಅದರ ಕೆಳತುದಿಗೆ ಕೆಂಪು ಬಣ್ಣದ ಚುಕ್ಕಿ ಇಟ್ಟಿದ್ದರು. ಕೆಂಪು ಯಾವಾಗಲೂ ಕೆಳಗೆ.

ಎಡಬದಿಯ ತೂತು ಹಾಕಿ ಮುಗಿಸುವಷ್ಟರಲ್ಲಿ ಖಂಡೇನವಮಿ ಬಂತು, ದಸರೆಯ ಆಯುಧಪೂಜೆ. ಪೂಜೆಯ ಕುಂಕುಮಕ್ಕೆ ಮಾತ್ರ ಹೆಣ್ಣಿನ ಕೈ ಆಗುತ್ತಿತ್ತು, ಅದು ನನ್ನ ಪಾಲಿನ ಕೆಲಸ. ಉಳಿ, ಬಾಚಿ, ಗರಗಸ ಎಲ್ಲವನ್ನೂ ಗಂಡಸರು ತೊಳೆದು ಸಾಲಾಗಿ ಇಡುತ್ತಿದ್ದರು, ನಾನು ಎಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚುತ್ತ ಹೋಗುತ್ತಿದ್ದೆ. ಬನ್ನಿ ಮುಡಿದು, ಹಬ್ಬ ಮುಗಿಸಿ ಬಂದು ಮೇಸ್ತ್ರಿ ಬಲಬದಿಗೆ ತೂತು ಹಾಕಿದರು. ಪಾಲೀಶ್ ಒಣಗುವುದು ತಡವಾಯಿತು, ಹಲಗೆಗಳನ್ನು ಒಮ್ಮೆ ಕೂಡಿಸಿ ನೋಡಲು ಆಗಲಿಲ್ಲ. ನೆಂಟರು ದೀಪಾವಳಿ ಅಮಾವಾಸ್ಯೆಯ ಸಂಜೆಗೇ ಬರುತ್ತಾರೆಂದು ಕ್ಲಾರಾ ಬಾಯಿ ಅವಸರ ಮಾಡಿದರು. ಮೇಸ್ತ್ರಿ ಒಪ್ಪಿದರು. "ಅಮಾಸಿ ಆದ್ರೇನಾತು, ಕೈಯಿಂದ ಹಲಗಿ ಕೂಡ್ರಸೂದೈತಿ ಅಷ್ಟ. ಆಯುಧ ಬೇಕಾಗಂಗಿಲ್ಲ" ಎಂದು ಆಯುಧದ ಚೀಲವನ್ನು ಕಾರ್ಖಾನೆಯಲ್ಲೇ ಬಿಟ್ಟು ಟೆಂಪೊ ಹತ್ತಿದರು.

ಕಪಾಟು ನಿಲ್ಲಿಸಿದೆವು. ನಾನು ಕಡ್ಡಿ ಚುಚ್ಚಿದೆ, ಮೇಸ್ತ್ರಿ ಮೊದಲನೆಯ ಹಲಗೆ ತಳ್ಳಿದರು. ಹಲಗೆ ಬಲಕ್ಕೆ ವಾಲಿತು.

"ನೆಲಾನ ಡೊಂಕ ಐತಿ" ಎಂದರು ಮೇಸ್ತ್ರಿ. ಕುಣಿಯಲು ಬಾರದವಳು ಹೇಳುವ ಮಾತು ಅದು. ಒಂದು ತಟ್ಟೆಯಲ್ಲಿ ನೀರು ತಂದು ನೆಲದ ಮೇಲಿಟ್ಟೆ. ನೀರು ಅಲ್ಲಾಡದೆ ನಿಂತಿತು, ನೆಲ ಸರಿ ಇತ್ತು. ಎರಡನೆಯ ಹಲಗೆಯೂ ಬಲಕ್ಕೆ, ಮೂರನೆಯದೂ ಬಲಕ್ಕೆ.

"ಕಿತೆಂ ಜಾಲೆಂ ಗೋ?" ಏನಾಯಿತೇ ಎಂದು ಕ್ಲಾರಾ ಬಾಯಿ ಕೊಂಕಣಿಯಲ್ಲಿ ಕೇಳಿದರು. ಮದುವೆಯ ಮನೆ, ಹಿಂದಿನ ಕೋಣೆಯಲ್ಲಿ ಯಾರೋ ಹಾಡುತ್ತಿದ್ದರು.

ಮೇಸ್ತ್ರಿಯ ಮುಖ ಕಪ್ಪಿಟ್ಟಿತು. "ಕೆಂಪ ಕೆಳಗ ಇಟ್ಟ ಹಾಕೇನಿ ನಾ. ಈ ಎರಡು ಕಣ್ಣಿಲೆ ನೋಡೇನಿ."

"ಯಾವ ಕೆಂಪ ರೀ?" ಎಂದೆ. ಹೇಳಿದ ಕೂಡಲೇ ನನಗೆ ಹೊಳೆಯಿತು, ಅವರಿಗೂ ಹೊಳೆಯಿತು.

"ಫರ್ಮಾಕ್ಕೂ ಕುಂಕಮ ಹಚ್ಚೀಯೇನು?"

"ಅದೂ ಆಯುಧ ಅಲ್ಲೇನ್ರಿ?"

ಕುಂಕುಮ ನನ್ನದು, ಕೈ ಅವರದು. ಹಬ್ಬದ ಕುಂಕುಮ ಒರೆಸಬಾರದೆಂದು ಯಾರೂ ಒರೆಸಿರಲಿಲ್ಲ. ಮೇಲಿನ ತುದಿಯ ಕುಂಕುಮವನ್ನೇ ಮೇಸ್ತ್ರಿ ಕೆಂಪು ಚುಕ್ಕಿ ಎಂದುಕೊಂಡು ಫರ್ಮಾ ತಲೆಕೆಳಗಾಗಿ ಇಟ್ಟಿದ್ದರು. ಬಲಗಡೆಯ ತೂತುಗಳೆಲ್ಲ ಕಿರುಬೆರಳಿನ ಉಗುರಿನಷ್ಟು ತಗ್ಗಿನಲ್ಲಿದ್ದವು.

ಮೇಸ್ತ್ರಿ ಸಿಡಿದರು. "ನಂದ ತಪ್ಪು. ನಿನಗ ಬೆಂಚ್ ಹತ್ತಾಕ ಕೊಟ್ಟದ್ದ ತಪ್ಪು. ನಾಳಿಂದ ಬೆಂಚಿನ ಕಡಿ ಬರಬ್ಯಾಡ. ಕಸಾ ಬಳಿ, ಪಾಲೀಶ್ ಮಾಡು, ಸಾಕು." ಹೀಗೆಂದು ಹೊರಗೆ ಹೋಗಿ, ಮನೆಯ ಮುಂದಿನ ಬಲ್ಕಾವ್‌ನ ಅಂದರೆ ಜಗಲಿಯ ಕಲ್ಲುಕಟ್ಟೆಯ ಮೇಲೆ ನಮಗೆ ಬೆನ್ನು ಹಾಕಿ ಕುಳಿತುಬಿಟ್ಟರು. ಕಾರ್ಖಾನೆಗೆ ಹೋಗಿ ಬೈರಿಗೆ ತಂದರೂ ಅಮಾವಾಸ್ಯೆ, ಅವರು ಮುಟ್ಟುವವರಲ್ಲ. ನಾನು ಮುಟ್ಟಲು ಅವರು ಬಿಡುವವರಲ್ಲ.

ನನ್ನ ಕಣ್ಣ ಮುಂದೆ ಬಂದದ್ದು ಕಪಾಟಲ್ಲ, ಮನೆಯಲ್ಲಿ ಬುತ್ತಿ ಕಟ್ಟುವ ಬಸಪ್ಪ. ಹಲಗೆ ಹಿಡಿದುಕೊಂಡು ಹಾಗೇ ನಿಂತೆ. ಆಮೇಲೆ ಒಂದು ಮಾತು ತಲೆಗೆ ಬಂತು. ಅಮಾವಾಸ್ಯೆಯ ನೇಮ ಬಡಿಗೇರರಿಗೆ. ನಾನು ಆ ಕುಲದವಳಲ್ಲ. ಆಯುಧ ಮುಟ್ಟಬಾರದು ಸರಿ, ಆದರೆ ಕಡ್ಡಿ ಆಯುಧದಲ್ಲಿ ಬರುವುದಿಲ್ಲ ಎಂದು ಅವರೇ ಹೇಳಿದ್ದಾರಲ್ಲ!

ನನ್ನ ಚೀಲದಲ್ಲಿ ಮಡಚದ ಹಿತ್ತಾಳೆ ಸರಳುಗಳು ಯಾವಾಗಲೂ ಇರುತ್ತಿದ್ದವು. ಬಲಗಡೆಯ ತೂತು ತಗ್ಗಿದೆ. ಹಾಗಾದರೆ ತೂತಿನಿಂದ ಹೊರಗೆ ಬಂದ ಕಡ್ಡಿಯನ್ನು ಮೊದಲು ಮೇಲಕ್ಕೆ ಮಡಚಿ, ಆಮೇಲೆ ಅಡ್ಡ ಹೊರಳಿಸಿದರೆ? ಒಂದು ಮೆಟ್ಟಿಲು ಹತ್ತಿಸಿದ ಹಾಗೆ. ಕ್ಲಾರಾ ಬಾಯಿಯ ಹಳೆಯ ಬಾಗಿಲಿಗೆ ದಪ್ಪ ಕಬ್ಬಿಣದ ಚಿಲಕವಿತ್ತು. ಚಿಲಕದ ತೂತಿಗೆ ಸರಳಿನ ತುದಿ ಸಿಕ್ಕಿಸಿ ಒಮ್ಮೆ ಮಡಚಿದೆ, ಮತ್ತೆ ಮಡಚಿದೆ. ಬೇಕಾದಷ್ಟಕ್ಕೆ ಹಿಂದೆ ಮುಂದೆ ಬಗ್ಗಿಸಿ ಮುರಿದೆ. ಕಪಾಟಿಗೆ ಚುಚ್ಚಿ ಹಲಗೆ ತಳ್ಳಿದೆ, ಅದು ಅರ್ಧಕ್ಕೇ ನಿಂತಿತು. ಮೇಲೆ ಹತ್ತಿದ ಆ ಮಡಿಕೆಯ ದಪ್ಪ, ಹಲಗೆಯ ಪಕ್ಕಕ್ಕೆ ತಾಗುತ್ತಿತ್ತು.

"ಸಿಕ್ಕೊಂಡಿತೇನು?" ಕಟ್ಟೆಯ ಮೇಲಿಂದ ಧ್ವನಿ ಬಂತು. ತಿರುಗಿ ನೋಡಿದವರಲ್ಲ, ಕಿವಿ ಮಾತ್ರ ಒಳಗೇ ಇತ್ತು.

"ಹೌದ್ರಿ. ಮಡಿಕಿ ದಪ್ಪ ಆಗೈತಿ."

ಅವರು ರಸ್ತೆಯ ಕಡೆಗೇ ಮುಖ ಮಾಡಿಕೊಂಡು ತೆಂಗಿನ ಮರಕ್ಕೆ ಹೇಳಿದ ಹಾಗೆ ಹೇಳಿದರು, "ಹಲಗಿ ಪಕ್ಕಕ್ಕ ಮಳಿಗಾಲದಾಗ ಉಬ್ಬತೈತಂತ ದಾರದಷ್ಟ ಜಾಗಾ ಬಿಟ್ಟಿರತೇವಿ. ಈಗ ಮಳಿ ಹೋಗೇತಿ, ಕಟ್ಟಿಗಿ ಒಣಗೇತಿ. ಜಾಗಾ ಹಂಗ ಐತಿ. ಹಿತ್ತಾಳಿ ಮೆತ್ತಗ ಇರತೈತಿ."

ಅಷ್ಟೇ ಸಾಕಾಯಿತು. ಅಡುಗೆಮನೆಯ ರುಬ್ಬುವ ಕಲ್ಲಿನ ಮೇಲೆ ಕಡ್ಡಿಯಿಟ್ಟು ಮಡಿಕೆಯನ್ನು ಗುಂಡುಕಲ್ಲಿನಿಂದ ತಟ್ಟಿದೆ, ಎಲೆಯ ಹಾಗೆ ಚಪ್ಪಟೆಯಾಗುವ ತನಕ. ತುದಿ ದುಂಡಗೇ ಉಳಿಸಿದೆ, ಅದು ತೂತಿಗೆ ಹೋಗಬೇಕಲ್ಲ. ಈ ಸಲ ತಳ್ಳಿದಾಗ ಹಲಗೆ ಹಿಂದಿನ ತನಕ ಹೋಗಿ ಕುಳಿತಿತು. ನೀರಿನ ತಟ್ಟೆಯಿಟ್ಟೆ. ನೀರು ಎಲ್ಲಿಯೂ ವಾಲಲಿಲ್ಲ.

"ಪಿಂಗಾಣಿ ತಟ್ಟಿ ಇಡಬ್ಯಾಡ. ಮೊದಲ ಅಕ್ಕಿ ಚೀಲಾ ಇಡು" ಎಂದಿತು ತೆಂಗಿನ ಮರದ ಕಡೆಯ ಧ್ವನಿ.

ಇಟ್ಟೆ. ಹಲಗೆ ಕದಲಲಿಲ್ಲ. ಉಳಿದ ಕಡ್ಡಿಗಳನ್ನೂ ಹಾಗೇ ಮಾಡಿ ಮುಗಿಸಿದಾಗ ಅಂಗೈ ತುಂಬ ಬೊಬ್ಬೆ. ಕ್ಲಾರಾ ಬಾಯಿ ತಟ್ಟೆಗಳನ್ನು ಒಂದೊಂದಾಗಿ ತಂದು ನಿಲ್ಲಿಸಿದರು, ಗಾಜಿನ ಬಾಗಿಲು ಹಾಕಿ ದೂರ ನಿಂತು ನೋಡಿದರು. ಎದೆಯ ಮೇಲೆ ಕೈಯಿಟ್ಟುಕೊಂಡು, "ದೇವ್ ಬರೆಂ ಕರುಂ" ಎಂದರು, ದೇವರು ಒಳ್ಳೆಯದು ಮಾಡಲಿ ಎಂದು. ಮೇಸ್ತ್ರಿ ಆಗ ಒಳಗೆ ಬಂದರು. ಬಾಗಿಲು ತೆಗೆದು, ಹಲಗೆಯ ಕೆಳಗೆ ಕೈಬೆರಳಾಡಿಸಿ ಕಡ್ಡಿ ಹುಡುಕಿದರು. ಬಾಗಿಲು ಹಾಕಿ ಹೋಗಿ ಟೆಂಪೊ ಹತ್ತಿದರು.

ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲೇ ಗಂಟುಮೂಟೆ ಕಟ್ಟುತ್ತಿದ್ದೆ. ಕುಡಚಡೆಯ ಸ್ಟೇಶನ್ ಹತ್ತಿರ ಇಳಿಯುವಾಗ ಅವರು ಕರೆದರು.

"ಶಾಂತವ್ವಾ, ಪಾಡ್ಯಾ ಮುಗಿಸಿ ಲಗೂ ಬಾ."

"ಕಸಾ ಬಳ್ಯಾಕೇನ್ರಿ?" ನಾನೂ ಬಿಡಲಿಲ್ಲ.

"ಬೈರಿಗಿ ಹಿಡ್ಯಾಕ. ಮದವಿ ಮುಗದ ಮ್ಯಾಲ ಹೋಗಿ ಆ ಬಲಗಡಿಗೆ ಹೊಸಾ ತೂತ ಹಾಕೂದೈತಿ. ನಾ ಹಾಕಿದ್ದ ನೋಡಿದೆಲ್ಲ, ಇನ್ನ ನೀ ಹಾಕು."

"ಹೆಣ್ಣಮಕ್ಕಳು ಆಯುಧ..."

"ಅದು ನಮ್ಮ ಮನಿ ಹೆಣ್ಣಮಕ್ಕಳಿಗೆ. ನೀ ಕಾರ್ಖಾನಿಯಾಕಿ" ಎಂದು ಸರಸರ ನಡೆದುಬಿಟ್ಟರು. ಮನೆಗೆ ಹೋಗಿ ಬಸಪ್ಪನಿಗೆ ಹೇಳಿದೆ. ಅವನು ನನ್ನ ಬೊಬ್ಬೆಗಳಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತ, "ಯಜಮಾನರಿಗೆ ಬಡ್ತಿ ಸಿಕ್ತು" ಎಂದ. ಆ ರಾತ್ರಿ ನಮ್ಮಿಬ್ಬರ ನಗು ಖರೇ ನಗು.

ಆಮೇಲೆ ವರ್ಷಗಳು ಹೋದವು. ಬಸಪ್ಪನಿಗೆ ರೈಲ್ವೆ ಸ್ಟೇಶನ್‌ನಲ್ಲಿ ಹಮಾಲಿ ಸಿಕ್ಕಿತು. ಕಾರ್ಖಾನೆಗೆ ಕರೆಂಟಿನ ಡ್ರಿಲ್ ಬಂತು, ಆಮೇಲೆ ಒಂದೇ ಸಲಕ್ಕೆ ಇಡೀ ಸಾಲು ಕೊರೆಯುವ ಮಷಿನ್ ಬಂತು, ಕಡ್ಡಿಯ ಬದಲು ತೂತಿಗೆ ಚುಚ್ಚುವ ಸಿದ್ಧ ಗುಬುಟುಗಳು ಡಬ್ಬಿಯಲ್ಲಿ ಬಂದವು. ಹಳಬರು ಮಷಿನ್‌ಗೆ ಶಾಪ ಹಾಕುತ್ತಿದ್ದರು. ನಾನು ಹಾಕಲಿಲ್ಲ, ನನ್ನ ಭುಜ ಉಳಿಸಿದ್ದು ಅದೇ. ಆದರೆ ಹೆಣ್ಣುಮಕ್ಕಳೇ, ಮಷಿನ್ ಕೊರೆದ ತೂತಾದರೂ ಹಲಗೆ ಕೂಡಿಸಿ ನೋಡದೆ ಕಪಾಟನ್ನು ಬಾಗಿಲು ದಾಟಿಸಬೇಡಿ. ಅವಸರ ಗಿರಾಕಿಯದು, ಹೆಸರು ಕೆಡುವುದು ನಮ್ಮದು. ಬೈಯುವ ಹಿರಿಯರು ಸಿಕ್ಕರೆ ಓಡಿಹೋಗಬೇಡಿ, ಮೊದಲು ಅವರ ಚಟ್ನಿ ತಿಂದು ನೋಡಿ. ನನಗೆ ಬೈದವರೇ ನನಗೆ ಅನ್ನದ ದಾರಿ ತೋರಿಸಿದರು. ಆ ಋಣ ದೊಡ್ಡದು, ಅದನ್ನು ಹೇಳಲು ನಾಚಿಕೆಯಿಲ್ಲ.

ಮೇಸ್ತ್ರಿ ನನಗಿಂತ ಬಹಳ ಮೊದಲೇ ಕೆಲಸ ಬಿಟ್ಟಿದ್ದರು. ಕೈ ನಡುಗುವ ಕಾಯಿಲೆ. ಹಬ್ಬ ಹುಣ್ಣಿಮೆಗೆ ಅವರ ಮನೆಗೆ ಹೋಗುತ್ತಿದ್ದೆ, ಕಟ್ಟೆಯ ಮೇಲೆ ಕುಳಿತು ಮಾತಾಡಿ ಬರುತ್ತಿದ್ದೆ, ಒಳಕೋಣೆಗೆ ಹೋದವಳಲ್ಲ. ನಾನು ಕೆಲಸ ಬಿಟ್ಟ ವಾರದಲ್ಲೇ ಅವರ ಹೆಂಡತಿ ಗಂಗಕ್ಕ ಫೋನ್ ಮಾಡಿದಳು. "ಬೈರಿಗಿ ತಗೊಂಡ ಬರಬೇಕಂತ ನೋಡವಾ. ಇವರು ಹಟಾ ಹಿಡಿದ ಕುಂತಾರ."

ಹೋದೆ. ಒಳಕೋಣೆಯಲ್ಲಿ ಗೋಡೆಯಷ್ಟೆತ್ತರದ ತೇಗದ ಕಪಾಟು ನಿಂತಿತ್ತು. ಕಾಳಪ್ಪ ಮೇಸ್ತ್ರಿಯ ಕೈ ಅದು, ಬಾಗಿಲು ಕೂಡುವ ಸಂದಿ ನೋಡಿದರೇ ಗೊತ್ತಾಗುತ್ತಿತ್ತು. ಬಾಗಿಲು ತೆಗೆದರೆ ಒಳಗೆ ಒಂದೂ ಹಲಗೆಯಿಲ್ಲ. ತಳದಲ್ಲಿ ಗಂಗಕ್ಕನ ಸೀರೆಗಳು ಗುಡ್ಡೆ ಬಿದ್ದಿದ್ದವು. ಹಲಗೆಗಳು ಸೀಳು ಕೊರೆದು, ಪಾಲೀಶ್ ಆಗಿ, ಗೋಡೆಗೆ ಒರಗಿ ನಿಂತಿದ್ದವು. ಎರಡೂ ಬದಿ ನೋಡಿದೆ, ಒಂದು ತೂತಿಲ್ಲ.

"ಎಷ್ಟ ವರ್ಷಾತು, ಹಿಂಗ ಐತಿ" ಎಂದಳು ಗಂಗಕ್ಕ. "ಯಾರನ್ನರ ಕರಸ್ರಿ ಅಂದ್ರ ಕೇಳಂಗಿಲ್ಲ. ಶಾಂತವ್ವಗ ಕೆಲಸದಾಗ ಪುರಸತ್ತಿಲ್ಲ, ಬಿಡುವಾಗಲಿ ಅಂತಾರ."

ನಾನು ಮೇಸ್ತ್ರಿಯನ್ನು ಕೆಣಕಿದೆ. "ಏನ್ರಿ ಕಾಕಾರ, ಕೈ ನಡಗಾಕತ್ತ ಮ್ಯಾಲ ಶಾಂತವ್ವ ನೆನಪಾದಳೇನ್ರಿ?"

ಅವರು ಮಂಚದ ಮೇಲೆ ಕುಳಿತು ನಡುಗುವ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದರು. "ಕೈ ನಡಗೂಕಿಂತ ಮೊದಲ ಮಾಡಿದ್ದವಾ ಇದು" ಎಂದರು. "ತೂತ ಹಾಕಾಕ ಆವಾಗ ನನಗ ಬರ್ತಿತ್ತು. ನಿನಗಂತ ಬಿಟ್ಟೇನಿ."

ನಾನು ಅಲ್ಲೇ ನೆಲದ ಮೇಲೆ ಕುಳಿತು ಅತ್ತುಬಿಟ್ಟೆ. ಗಂಗಕ್ಕ ಸೀರೆಗಳನ್ನೆಲ್ಲ ತೆಗೆದು ಮಂಚದ ಮೇಲೆ ಅವರ ಪಕ್ಕಕ್ಕಿಟ್ಟಳು. ನಾನು ಕಣ್ಣೊರೆಸಿಕೊಂಡು ಎಡಬದಿಯಿಂದ ಶುರು ಮಾಡಿದೆ.